ಅಪಾರ್ಟ್‌ಮೆಂಟ್‌ನವರೆಲ್ಲ ಸೇರಿ ಎರೆಹುಳು ಸಾಕುವುದು ಹೇಗೆ

ಅಡುಗೆಮನೆಯ ಸಿಪ್ಪೆಯನ್ನು ಗೊಬ್ಬರ ಮಾಡಲು ಒಂದು ಮನೆಯವರು ತೊಟ್ಟಿಯಲ್ಲಿ ಎರೆಹುಳು ಸಾಕುವುದು ಸುಲಭ. ಎಷ್ಟು ಸಿಪ್ಪೆ ಹಾಕಿದೆವು, ಯಾವಾಗ ಹಾಕಿದೆವು ಅಂತ ಅವರಿಗೇ ಗೊತ್ತಿರುತ್ತದೆ. ಅದೇ ತೊಟ್ಟಿಯನ್ನು ಕಟ್ಟಡದ ಕೆಳಗಿಟ್ಟು "ಎಲ್ಲರೂ ತಂದು ಹಾಕಿ" ಅಂದುಬಿಟ್ಟರೆ ಕೆಲಸ ಕೆಡುತ್ತದೆ. ಬೆಳಿಗ್ಗೆ ಒಬ್ಬರು ಹಾಕುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಹಾಕುತ್ತಾರೆ, ನೆಂಟರು ಬಂದಿದ್ದ ಮನೆಯವರು ರಾತ್ರಿ ಒಂದು ಬಕೆಟ್ ಪೂರ್ತಿ ಸುರಿದು ಹೋಗುತ್ತಾರೆ, ಹುಳಗಳಿಗೆ ಅಷ್ಟನ್ನು ತಿನ್ನಲು ಆಗುವುದಿಲ್ಲ, ಕೊಳೆತು ನಾರುತ್ತದೆ, ಆಮೇಲೆ ಸಂಘದ ಸಭೆಯಲ್ಲಿ ಯಾರೋ ಎದ್ದು "ಇದನ್ನು ತೆಗೆದುಬಿಡಿ" ಅನ್ನುತ್ತಾರೆ.

ಹಾಗಾಗಿ ಮೊದಲ ಮಾತು ಇದು. ಕಸ ತಂದುಕೊಡುವವರು ಎಷ್ಟು ಜನ ಬೇಕಾದರೂ ಇರಲಿ, ಹುಳಗಳಿಗೆ ಹಾಕುವ ಕೈ ಮಾತ್ರ ಒಂದೇ ಇರಬೇಕು. ವಾರಕ್ಕೊಬ್ಬರಂತೆ ಸರದಿ ಬದಲಾಗಬಹುದು, ಆದರೆ ಆ ವಾರ ತೊಟ್ಟಿಯ ಮುಚ್ಚಳ ತೆರೆಯುವುದು ಅವರೊಬ್ಬರೇ. ಉಳಿದವರು ಪಕ್ಕದಲ್ಲಿಟ್ಟಿರುವ ಮುಚ್ಚಳದ ಬಕೆಟ್‌ಗೆ ಹಾಕಿ ಹೋಗಬೇಕು. ಇದೊಂದನ್ನು ಬಿಗಿಯಾಗಿ ಹಿಡಿದರೆ ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಬರುವುದೇ ಇಲ್ಲ.

ಇಷ್ಟೆಲ್ಲ ಯಾಕೆ ಅಂತ ಕೇಳುವವರು ಕಟ್ಟಡದಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಹೇಳಬೇಕಾದ್ದು ಸರಳ. ಹಸಿ ಕಸ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ದೊಡ್ಡ ಕಸದ ಗುಡ್ಡೆಯ ಅಡಿಗೆ ಹೋದರೆ ಗಾಳಿ ಸಿಗದೆ ಕೊಳೆಯುತ್ತದೆ, ಮೀಥೇನ್ ಅನಿಲ ಹುಟ್ಟುತ್ತದೆ. 100 ವರ್ಷದ ಲೆಕ್ಕ ಹಿಡಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ ಅದು. ಅದೇ ಸಿಪ್ಪೆ ಗಾಳಿಯಾಡುವ ಜಾಗದಲ್ಲಿ ಹುಳದ ಹೊಟ್ಟೆ ಸೇರಿದರೆ ಗಿಡಕ್ಕೆ ಗೊಬ್ಬರ.

ಮೊದಲು ಜನ, ಆಮೇಲೆ ಹುಳ

ಹುಳ ತರುವ ಮೊದಲು ಮೂರು ಜನ ಗಟ್ಟಿಯಾಗಿ ಸಿಗಬೇಕು. ಒಬ್ಬರೇ ಆದರೆ ಅವರು ಊರಿಗೆ ಹೋದಾಗ ಎಲ್ಲವೂ ನಿಂತುಹೋಗುತ್ತದೆ. ಇಬ್ಬರಾದರೂ ಕಷ್ಟವೇ. ಮೂವರಿದ್ದರೆ ಸರದಿ ಹಾಕಿಕೊಳ್ಳಬಹುದು, ಯಾರಿಗಾದರೂ ಜ್ವರ ಬಂದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ವಾರಕ್ಕೆ ಎರಡು ಸಲ, ಸಲಕ್ಕೆ ಅರ್ಧ ಗಂಟೆ ಅಂದುಕೊಳ್ಳಿ. ಅದಕ್ಕಿಂತ ಜಾಸ್ತಿ ಸಮಯ ಬೇಡ, ಆದರೆ ಅಷ್ಟನ್ನು ತಪ್ಪಿಸುವ ಹಾಗೂ ಇಲ್ಲ.

ನಿವಾಸಿಗಳ ಸಂಘದ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಎಲ್ಲಿ ಇಡುತ್ತೇವೆ, ಯಾರು ಹೊಣೆ, ವಾಸನೆ ಬಂದರೆ ಯಾರಿಗೆ ಹೇಳಬೇಕು, ಸರಿಹೋಗದಿದ್ದರೆ ಹೇಗೆ ತೆಗೆಯುತ್ತೇವೆ, ಇಷ್ಟು ಅದರಲ್ಲಿ ಇರಲಿ. ಹೇಗೆ ನಿಲ್ಲಿಸುತ್ತೇವೆ ಅಂತ ಮೊದಲೇ ಹೇಳಿಬಿಟ್ಟರೆ ಅನುಮಾನ ಇದ್ದವರೂ ಒಪ್ಪುತ್ತಾರೆ. ಕಟ್ಟಡ ಗುಡಿಸುವ, ಕಸ ಒಯ್ಯುವ ಕೆಲಸದವರನ್ನೂ ಮೊದಲ ದಿನವೇ ಕೂರಿಸಿಕೊಂಡು ಮಾತಾಡಿ. ದಿನಾ ಆ ಜಾಗದಲ್ಲಿ ಓಡಾಡುವವರು ಅವರು. ಅವರಿಗೆ ಹೇಳದೆ ಮಾಡಿದರೆ ಒಂದು ದಿನ ಯಾರೋ ಒಳ್ಳೆಯ ಮನಸ್ಸಿನಿಂದಲೇ ತೊಟ್ಟಿಗೆ ಫಿನೈಲ್ ಸುರಿದುಬಿಡಬಹುದು. ಮತ್ತೆ ಈ ಕೆಲಸವನ್ನು ಸುಮ್ನೆ ಅವರ ತಲೆಗೆ ಕಟ್ಟಬೇಡಿ. ಅವರು ಮಾಡುವುದಾದರೆ ಅದಕ್ಕೆ ಬೇರೆ ಸಂಬಳ ಕೊಡಿ.

ಎಲ್ಲ ಮನೆಯವರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ಆಸೆ ಬೇಡ. ಐದಾರು ಮನೆಯಿಂದ ಶುರುಮಾಡಿ, ಮೂರು ತಿಂಗಳು ಸರಿಯಾಗಿ ನಡೆದ ಮೇಲೆ ಉಳಿದವರನ್ನು ಕರೆಯಿರಿ. ಯಾರಾದರೂ ಸೇರಲ್ಲ ಅಂದರೆ ಬಿಡಿ. ಒತ್ತಾಯಕ್ಕೆ ಸೇರಿದ ಮನೆಯ ಬಕೆಟ್‌ನಲ್ಲಿ ಪ್ಲಾಸ್ಟಿಕ್ ಸಿಗುತ್ತದೆ.

ಎಷ್ಟು ದೊಡ್ಡ ತೊಟ್ಟಿ ಬೇಕು

ಇಲ್ಲಿ ಅಂದಾಜಿನ ಮೇಲೆ ಹೋಗಬೇಡಿ, ತೂಕ ಮಾಡಿ. ಸೇರುವ ಮನೆಯವರೆಲ್ಲ ಒಂದು ವಾರ ತಮ್ಮ ಹಸಿ ಕಸವನ್ನು ತೂಗಿ ಬರೆದಿಡಲಿ. ಬೇಯಿಸಿದ್ದು ಬೇರೆ, ಹಸಿಯಾಗಿರುವ ಸಿಪ್ಪೆ, ತೊಟ್ಟು, ಎಲೆ ಬೇರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 79 ಕಿಲೋ ಆಹಾರ ಕಸವಾಗುತ್ತದೆ ಅನ್ನುತ್ತದೆ. ಅಂದರೆ ವಾರಕ್ಕೆ ಒಂದೂವರೆ ಕಿಲೋ. ಅದರಲ್ಲಿ ಹುಳಕ್ಕೆ ಕೊಡಬಹುದಾದ್ದು ಅರ್ಧ ಅಂತ ಇಟ್ಟುಕೊಂಡರೂ ನಾಲ್ಕು ಜನರ ಮನೆಯಿಂದ ವಾರಕ್ಕೆ ಮೂರು ಕಿಲೋ ಬರುತ್ತದೆ. ನಿಮ್ಮ ಕಟ್ಟಡದ ಲೆಕ್ಕ ಇದಕ್ಕಿಂತ ಬೇರೆ ಇರಬಹುದು, ಅದಕ್ಕೇ ತೂಕ ಮಾಡಿ ಅಂದದ್ದು.

ಹುಳದ ತೊಟ್ಟಿಯನ್ನು ಆಳದಿಂದ ಅಳೆಯಬಾರದು, ಹರವಿನಿಂದ ಅಳೆಯಬೇಕು. ಈ ಹುಳಗಳು ಮೇಲಿನ ಒಂದು ಗೇಣಿನಲ್ಲೇ ಬದುಕುತ್ತವೆ. ಆಳವಾದ ಡ್ರಮ್ ತಂದರೆ ಕೆಳಗಿನದ್ದು ಗಾಳಿಯಿಲ್ಲದೆ ಹುಳಿಯಾಗುತ್ತದೆ ಅಷ್ಟೇ. ಶುರುವಿನಲ್ಲಿ ಒಂದು ಚದರ ಮೀಟರ್ ತೊಟ್ಟಿಗೆ ವಾರಕ್ಕೆ 5 ಕಿಲೋ ಸಿಪ್ಪೆ ಅಂತ ಲೆಕ್ಕ ಹಿಡಿಯಿರಿ. ವಾರಕ್ಕೆ 10 ಕಿಲೋ ಬರುವುದಾದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಎರಡು ತೊಟ್ಟಿ. ಹುಳಗಳು ಮರಿಯಾಗಿ ತುಂಬಿಕೊಂಡ ಮೇಲೆ ಅದೇ ಜಾಗ ಇದರ ಎರಡರಷ್ಟನ್ನೂ ತಿನ್ನಬಹುದು, ಆದರೆ ಆ ಎರಡರಷ್ಟನ್ನು ಮೊದಲ ತಿಂಗಳೇ ನಂಬಿಕೊಳ್ಳಬೇಡಿ.

ಒಂದೇ ದೊಡ್ಡ ತೊಟ್ಟಿಗಿಂತ ಎರಡು ಚಿಕ್ಕವು ಯಾವಾಗಲೂ ಮೇಲು. ಒಂದು ಕೆಟ್ಟರೆ ಇನ್ನೊಂದರಲ್ಲಿ ಹುಳ ಉಳಿದಿರುತ್ತದೆ. ಗೊಬ್ಬರ ತೆಗೆಯುವಾಗ ಒಂದಕ್ಕೆ ರಜೆ ಕೊಟ್ಟು ಇನ್ನೊಂದಕ್ಕೆ ಹಾಕುತ್ತಾ ಇರಬಹುದು.

ಜಾಗ ಹುಡುಕುವುದು

ನೆರಳು ಬೇಕು, ಗಾಳಿ ಆಡಬೇಕು, ಹತ್ತಿರ ನಲ್ಲಿ ಇರಬೇಕು, ನೀರು ಚೆಲ್ಲಿದರೆ ಹರಿದುಹೋಗಲು ಮೋರಿ ಇರಬೇಕು. ನೇರ ಬಿಸಿಲು ಬೀಳುವ ಜಾಗ ಬೇಡವೇ ಬೇಡ. 15ರಿಂದ 25 ಡಿಗ್ರಿ ಸೆಲ್ಸಿಯಸ್ ಹುಳಕ್ಕೆ ಹಿತ. 10 ಡಿಗ್ರಿಗಿಂತ ಕೆಳಗೆ ಹೋದರೆ ತಿನ್ನುವುದು ಬಹಳ ಕಡಿಮೆಯಾಗುತ್ತದೆ, 35 ಡಿಗ್ರಿ ದಾಟಿದರೆ ಸಾಯಲು ಶುರುವಾಗುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ಹಾಸಿನ (ತೊಟ್ಟಿಯಲ್ಲಿ ಹುಳಗಳಿಗಾಗಿ ಹರವುವ ಒದ್ದೆ ರಟ್ಟು, ಎಲೆಯ ಪದರದ) ಒಳಗಿನ ಬಿಸಿ, ಹೊರಗಿನ ಗಾಳಿಯದ್ದಲ್ಲ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದನ್ನು ಹಾಸಿಗೆ ಚುಚ್ಚಿಯೇ ಇಟ್ಟುಬಿಡಿ.

ತಾರಸಿ ಮೇಲೆ ಇಡುವ ಯೋಚನೆ ಇದ್ದರೆ ಭಾರ ನೆನಪಿರಲಿ. ಒಂದು ಚದರ ಮೀಟರ್ ತೊಟ್ಟಿಯಲ್ಲಿ 30 ಸೆಂಟಿಮೀಟರ್ ಒದ್ದೆ ಗೊಬ್ಬರ ನಿಂತರೆ 200 ಕಿಲೋ ದಾಟುತ್ತದೆ. ಕಟ್ಟಡದ ಎಂಜಿನಿಯರ್ ಅನ್ನು ಕೇಳದೆ ಅಷ್ಟನ್ನು ಮೇಲೇರಿಸಬೇಡಿ. ನನ್ನ ಪ್ರಕಾರ ನೆಲಮಹಡಿಯ ಪಾರ್ಕಿಂಗ್ ಮೂಲೆಯೇ ಸರಿ. ಜನ ಹೊರಗೆ ಹೋಗುವ ದಾರಿಯಲ್ಲೇ ಇದ್ದರೆ ಬಕೆಟ್ ತರುವುದೂ ತಪ್ಪುವುದಿಲ್ಲ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ, ಅದು ಅದುರುವಿಕೆ. ನೀರಿನ ಪಂಪು, ಜನರೇಟರು, ಲಿಫ್ಟಿನ ಯಂತ್ರ ಇರುವ ಗೋಡೆಗೆ ತಾಗಿಸಿ ತೊಟ್ಟಿ ಇಡಬೇಡಿ. ಎರೆಹುಳಕ್ಕೆ ಕಿವಿಯಿಲ್ಲ, ಆದರೆ ನೆಲದ ಅದುರು ಚೆನ್ನಾಗಿ ತಿಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ ಎರೆಹುಳದ ಕುಂಡಗಳನ್ನು ಮನೆಯಲ್ಲಿಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿದ್ದರು. ಹತ್ತಿರದಲ್ಲಿ ಪಿಯಾನೊ ಜೋರಾಗಿ ನುಡಿಸಿದರೂ ಹುಳಗಳು ಕದಲಲಿಲ್ಲ, ಕುಂಡವನ್ನು ಪಿಯಾನೊ ಮೇಲೆಯೇ ಇಟ್ಟು ಒಂದು ಸ್ವರ ಬಾರಿಸಿದ ಕೂಡಲೇ ಬಿಲದೊಳಗೆ ಸರಿದುಕೊಂಡವು. 1881ರಲ್ಲಿ ಅವರು ಇದನ್ನು ಪ್ರಕಟಿಸಿದರು. ದಿನವಿಡೀ ಅದುರುವ ಜಾಗದಲ್ಲಿ ಹುಳಗಳು ನೆಮ್ಮದಿಯಾಗಿ ಇರುವುದಿಲ್ಲ, ದಾರಿ ಸಿಕ್ಕರೆ ತೊಟ್ಟಿ ಬಿಟ್ಟು ಹೊರಡುತ್ತವೆ.

ಯಾವ ಹುಳ

ತೋಟದ ಮಣ್ಣು ಅಗೆದಾಗ ಸಿಗುವ ದಪ್ಪ ಹುಳ ತಂದು ಹಾಕಿದರೆ ಪ್ರಯೋಜನವಿಲ್ಲ. ಅವು ಮಣ್ಣಿನೊಳಗೆ ಬಿಲ ಕೊರೆದು ಬದುಕುವ ಜಾತಿ, ಸಿಪ್ಪೆಯ ರಾಶಿಯಲ್ಲಿ ಬಾಳುವುದಿಲ್ಲ. ನಮಗೆ ಬೇಕಾದ್ದು ನೆಲದ ಮೇಲ್ಪದರದಲ್ಲಿ, ಕೊಳೆಯುವ ಎಲೆ ಮತ್ತು ಸಗಣಿಯಲ್ಲಿ ಬದುಕುವ ಜಾತಿ. ಐಸೀನಿಯಾ ಫೆಟಿಡಾ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಕೆಂಪಗೆ, ತೆಳ್ಳಗೆ, ಮೈಮೇಲೆ ತಿಳಿ ಪಟ್ಟೆ ಇರುತ್ತದೆ. ಚಳಿ, ಬಿಸಿಲು, ಅಜಾಗರೂಕತೆ ಎಲ್ಲವನ್ನೂ ಒಂದಷ್ಟು ತಡೆದುಕೊಳ್ಳುತ್ತದೆ. ಯೂಡ್ರಿಲಸ್ ಯೂಜೀನಿಯೆ ದೊಡ್ಡದು, ಬೇಗ ತಿನ್ನುತ್ತದೆ, ಬೆಚ್ಚಗಿನ ಊರಿಗೆ ಒಗ್ಗುತ್ತದೆ, ಆದರೆ ಚಳಿಗೆ ತಾಳುವುದಿಲ್ಲ. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಕೂಡ ಚೆನ್ನಾಗಿ ತಿನ್ನುತ್ತದೆ, ಆದರೆ ಸ್ವಲ್ಪ ಏರುಪೇರಾದರೂ ತೊಟ್ಟಿಯಿಂದ ಎದ್ದು ಹೊರಡುವ ಗುಣ ಅದಕ್ಕೆ. ಹೊಸಬರು ಐಸೀನಿಯಾದಿಂದ ಶುರುಮಾಡಿ.

ಒಂದು ಚದರ ಮೀಟರ್‌ಗೆ ಎರಡೂವರೆ ಕಿಲೋ ಹುಳ ಸಾಕು. ತೂಕದಲ್ಲಿ ಕೊಳ್ಳುವಾಗ ಗೊಬ್ಬರದ ತೂಕ ಎಷ್ಟು, ಬರೀ ಹುಳದ ತೂಕ ಎಷ್ಟು ಅಂತ ಕೇಳಿ. ಅನುಕೂಲ ಇದ್ದರೆ ಐಸೀನಿಯಾ ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನಬಲ್ಲದು. ಅದು ಮೇಲ್ಮಿತಿ ಅಂತ ತಿಳಿಯಿರಿ. ಕಾಲು ಭಾಗ ಅಂತ ಲೆಕ್ಕ ಹಾಕಿದರೆ ನಿಶ್ಚಿಂತೆಯಾಗಿರಬಹುದು.

ಸಂಖ್ಯೆ ಬೆಳೆಸುವ ಕೆಲಸ ಅವು ತಾವೇ ಮಾಡಿಕೊಳ್ಳುತ್ತವೆ. ನಿಂಬೆಹಣ್ಣಿನ ಆಕಾರದ, ಸಾಸಿವೆಗಿಂತ ತುಸು ದೊಡ್ಡ ಕೋಶಗಳನ್ನು ಇಡುತ್ತವೆ. ಹಿತವಾದ ಬಿಸಿಯಲ್ಲಿ ಮೂರು ನಾಲ್ಕು ವಾರಕ್ಕೆ ಒಂದೊಂದು ಕೋಶದಿಂದ ಎರಡು ಮೂರು ಮರಿ ಬರುತ್ತವೆ. ಮರಿ ದೊಡ್ಡದಾಗಲು ಇನ್ನೂ ಸುಮಾರು ಎರಡು ತಿಂಗಳು. ಜಾಗ, ಊಟ ಎರಡೂ ಮುಗಿದರೆ ತಾವಾಗಿಯೇ ಮರಿ ಹಾಕುವುದು ಕಡಿಮೆ ಮಾಡುತ್ತವೆ, ಅದಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೊಟ್ಟಿ ಮತ್ತು ಹಾಸು

ಮರ, ಇಟ್ಟಿಗೆ, ಗಟ್ಟಿ ಪ್ಲಾಸ್ಟಿಕ್ ಯಾವುದರದ್ದಾದರೂ ಆದೀತು. ಮರವಾದರೆ ಔಷಧಿ ಹೊಡೆದದ್ದು ಬೇಡ. ಎತ್ತರ 40ರಿಂದ 50 ಸೆಂಟಿಮೀಟರ್ ಸಾಕು. ಕೆಳಗೆ ನೀರು ಬಸಿಯಲು ತೂತು, ಪಕ್ಕದಲ್ಲಿ ಗಾಳಿಗೆ ತೂತು, ಎರಡಕ್ಕೂ 6 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಲೋಹದ ಜಾಲರಿ. ಜಾಲರಿ ಇಲ್ಲದಿದ್ದರೆ ಇಲಿ ಬರುತ್ತದೆ, ಇಲಿ ಒಂದು ಸಲ ಬಂದರೆ ಕಟ್ಟಡದವರು ಈ ಯೋಜನೆಯನ್ನು ಕ್ಷಮಿಸುವುದಿಲ್ಲ. ಮೇಲೆ ಭಾರವಾದ ಮುಚ್ಚಳ, ಅದಕ್ಕೊಂದು ಬೀಗ. ಬೀಗ ಯಾಕೆ ಅಂತ ಮೊದಲೇ ಹೇಳಿಯಾಗಿದೆ. ಸಾಧ್ಯವಾದರೆ ತೊಟ್ಟಿಯನ್ನು ಮೇಜಿನ ಎತ್ತರಕ್ಕೆ ಕಾಲು ಕೊಟ್ಟು ನಿಲ್ಲಿಸಿ. ಮಂಡಿ ನೋವಿರುವ ಹಿರಿಯರು ಇಂಥ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಬರುತ್ತಾರೆ, ಅವರನ್ನು ನೆಲಕ್ಕೆ ಬಗ್ಗಿಸುವುದು ಸರಿಯಲ್ಲ.

ಹಾಸು ಅಂದರೆ ಹುಳಗಳ ಮನೆ. ಚೂರು ಮಾಡಿದ ರಟ್ಟು, ಹಳೆ ಪತ್ರಿಕೆ, ಒಣ ಎಲೆ, ತೆಂಗಿನ ನಾರಿನ ಪುಡಿ, ಇವುಗಳಲ್ಲಿ ಸಿಕ್ಕಿದ್ದನ್ನು ಬೆರೆಸಿ. ಹೊಳಪು ಕಾಗದ, ಪ್ಲಾಸ್ಟಿಕ್ ಪದರ ಅಂಟಿಸಿದ ಡಬ್ಬಿ ಬೇಡ. ರಟ್ಟಿನ ಮೇಲಿನ ಟೇಪು ಕಿತ್ತುಹಾಕಿ. ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ, 20 ಸೆಂಟಿಮೀಟರ್ ದಪ್ಪ ಹರವಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು. ನೀರು ಧಾರೆಯಾಗಿ ಇಳಿದರೆ ಜಾಸ್ತಿ ಒದ್ದೆ, ಏನೂ ಬರದಿದ್ದರೆ ಒಣಗಿದೆ. ಹುಳ ಉಸಿರಾಡುವುದು ಚರ್ಮದಿಂದ, ಅದು ಸದಾ ಒದ್ದೆಯಾಗಿರಬೇಕು. ಅದರ ಮೇಲೆ ಒಂದೆರಡು ಹಿಡಿ ತೋಟದ ಮಣ್ಣನ್ನೋ ಹಳೆ ಗೊಬ್ಬರವನ್ನೋ ಉದುರಿಸಿ. ಹುಳಕ್ಕೆ ಹಲ್ಲಿಲ್ಲ, ಅದರಲ್ಲಿನ ಸಣ್ಣ ಹರಳು ಒಳಗೆ ಹೋಗಿ ಅರೆಯುವ ಕೆಲಸ ಮಾಡುತ್ತದೆ, ಜೊತೆಗೆ ಕೊಳೆಸುವ ಸೂಕ್ಷ್ಮಜೀವಿಗಳೂ ಬರುತ್ತವೆ.

ಹಾಸು ಹರವಿ ನಾಲ್ಕೈದು ದಿನ ಹಾಗೇ ಬಿಟ್ಟು, ಬಿಸಿಯೇನೂ ಏರಿಲ್ಲ ಅಂತ ನೋಡಿಕೊಂಡು ಹುಳ ಬಿಡಿ. ಮೊದಲ ಎರಡು ಮೂರು ರಾತ್ರಿ ತೊಟ್ಟಿಯ ಮೇಲೆ ಒಂದು ದೀಪ ಉರಿಯುತ್ತಿರಲಿ. ಹೊಸ ಜಾಗ ಅಂತ ಹುಳಗಳು ಕತ್ತಲಲ್ಲಿ ಹತ್ತಿ ಹೊರಗೆ ಬರುತ್ತವೆ, ಬೆಳಕಿದ್ದರೆ ಒಳಗೇ ಉಳಿಯುತ್ತವೆ. ಮೊದಲ ವಾರ ಊಟ ಬಹಳ ಕಡಿಮೆ, ಚದರ ಮೀಟರ್‌ಗೆ ಒಂದು ಕಿಲೋ ಕೂಡ ಹೆಚ್ಚೇ.

ಬಕೆಟ್‌ಗೆ ಏನು ಬರಬೇಕು

ಹಸಿ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಬಾಡಿದ ಸೊಪ್ಪು, ಕಾಫಿ ಗಸಿ, ಚಹಾ ಸೊಪ್ಪು, ಪುಡಿ ಮಾಡಿದ ಮೊಟ್ಟೆ ಚಿಪ್ಪು. ಚಹಾ ಚೀಲಗಳಲ್ಲಿ ಕೆಲವು ಪ್ಲಾಸ್ಟಿಕ್ ಎಳೆಯವು, ಅವನ್ನು ಹರಿದು ಸೊಪ್ಪು ಮಾತ್ರ ಹಾಕಿ. ಹಣ್ಣಿನ ಮೇಲಿನ ಸ್ಟಿಕರ್ ಕಿತ್ತುಬಿಡಿ, ಅದು ವರ್ಷ ಕಳೆದರೂ ಗೊಬ್ಬರದಲ್ಲಿ ಹಾಗೇ ಸಿಗುತ್ತದೆ.

ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆ ಹಾಕಿದ್ದು, ಉಪ್ಪು ಹಾಕಿದ್ದು, ಸಾಕುಪ್ರಾಣಿಯ ಹೇಲು ಯಾವುದೂ ಬೇಡ. ಇದರಲ್ಲಿ ಉಪ್ಪಿನ ವಿಷಯಕ್ಕೆ ಒತ್ತುಕೊಟ್ಟು ಹೇಳಬೇಕು, ಯಾಕೆಂದರೆ ಉಳಿದ ಅಡುಗೆಯನ್ನು "ಇದೂ ಊಟವೇ ಅಲ್ವಾ" ಅಂತ ತಂದು ಹಾಕುವವರು ಜಾಸ್ತಿ. ಉಪ್ಪು ಹುಳದ ಚರ್ಮದಿಂದ ನೀರು ಎಳೆಯುತ್ತದೆ, ಮತ್ತು ತೊಟ್ಟಿಯಲ್ಲಿ ಕೂಡುತ್ತಾ ಹೋಗುತ್ತದೆ. ನಿಂಬೆ ಜಾತಿಯ ಸಿಪ್ಪೆ, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಅಪ್ಪಿತಪ್ಪಿ ಸ್ವಲ್ಪ ಬಂದರೆ ಪರವಾಗಿಲ್ಲ, ಬುಟ್ಟಿಗಟ್ಟಲೆ ಬಂದರೆ ಹುಳಗಳು ಆ ಕಡೆ ಸುಳಿಯುವುದಿಲ್ಲ. ಬೇಯಿಸಿದ ಅಡುಗೆಯನ್ನು ಬೇರೆ ಕಾಂಪೋಸ್ಟ್ ಡಬ್ಬಿಗೆ ಕೊಡಿ, ಎರಡೂ ಅಕ್ಕಪಕ್ಕ ಇದ್ದರೆ ಜನಕ್ಕೂ ಸುಲಭ.

ಈ ಪಟ್ಟಿಯನ್ನು ಚಿತ್ರದೊಂದಿಗೆ ಬಕೆಟ್ ಮುಚ್ಚಳದ ಮೇಲೆಯೇ ಅಂಟಿಸಿ. ಗೋಡೆಯ ಮೇಲೆ ಹಾಕಿದ್ದನ್ನು ಯಾರೂ ಓದುವುದಿಲ್ಲ. ಮನೆಯಲ್ಲಿ ಫ್ರೀಜರ್‌ನಲ್ಲಿ ಜಾಗ ಇರುವವರು ಸಿಪ್ಪೆಯನ್ನು ಅಲ್ಲೇ ಇಟ್ಟು, ಹೆಪ್ಪುಗಟ್ಟಿದ ಮೇಲೆ ತಂದರೆ ಬಹಳ ಒಳ್ಳೆಯದು. ಹಣ್ಣಿನ ನೊಣದ ಮೊಟ್ಟೆ ಸಾಯುತ್ತದೆ, ಸಿಪ್ಪೆಯೂ ಮೆತ್ತಗಾಗಿ ಬೇಗ ಕರಗುತ್ತದೆ. ತೊಟ್ಟಿಗೆ ಹಾಕುವ ಮೊದಲು ತಣ್ಣಗಿರುವುದು ಪೂರ್ತಿ ಬಿಡಲಿ.

ಹಾಕುವ ರೀತಿ

ಜನ ತಂದ ಸಿಪ್ಪೆ ನೇರ ಹುಳಕ್ಕೆ ಹೋಗಬಾರದು. ನಡುವೆ ಒಂದು ತಡೆ ಬಕೆಟ್ ಇರಲಿ, ಎರಡಿದ್ದರೆ ಇನ್ನೂ ಅನುಕೂಲ. ಪಕ್ಕದಲ್ಲೊಂದು ಡಬ್ಬಿಯಲ್ಲಿ ಚೂರು ರಟ್ಟು ತುಂಬಿಟ್ಟು, ಪ್ರತಿಯೊಬ್ಬರೂ ತಮ್ಮ ಸಿಪ್ಪೆ ಹಾಕಿದ ಮೇಲೆ ಅಷ್ಟೇ ಪ್ರಮಾಣದ ರಟ್ಟು ಹಾಕಿ ಮುಚ್ಚಬೇಕು. ವಾರದಲ್ಲಿ ಅದು ಮೆತ್ತಗಾಗಿ ಕೊಳೆಯಲು ಶುರುವಾಗಿರುತ್ತದೆ. ಹುಳ ತಾಜಾ ಸಿಪ್ಪೆಯನ್ನು ಕಚ್ಚಿ ತಿನ್ನುವುದಿಲ್ಲ, ಕೊಳೆತು ಮೆತ್ತಗಾದದ್ದನ್ನು ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳ ಸಮೇತ ನುಂಗುತ್ತದೆ. ಹಾಗಾಗಿ ಒಂದು ವಾರದ ಈ ಕಾಯುವಿಕೆ ಹುಳಕ್ಕೂ ಒಳ್ಳೆಯದು, ಸರದಿಯವರಿಗೆ ಪ್ಲಾಸ್ಟಿಕ್, ಚಮಚ, ರಬ್ಬರ್ ಬ್ಯಾಂಡ್ ಆರಿಸಿ ತೆಗೆಯಲೂ ಸಮಯ ಸಿಗುತ್ತದೆ. ತಡೆ ಬಕೆಟ್ ಬಿಸಿಯಾಗಿದ್ದರೆ ಆರಿದ ಮೇಲೆಯೇ ಹಾಕಿ.

ತೊಟ್ಟಿಯ ಮೇಲ್ಮೈಯನ್ನು ಕಣ್ಣಳತೆಯಲ್ಲಿ ಆರು ಚೌಕ ಮಾಡಿಕೊಳ್ಳಿ. ಒಂದು ಕಡ್ಡಿ ನೆಡಿ. ಇವತ್ತು ಕಡ್ಡಿ ಇರುವ ಚೌಕದಲ್ಲಿ ಮಾತ್ರ ಹಾಸು ಸರಿಸಿ, ಎರಡು ಮೂರು ಬೆರಳಿನ ದಪ್ಪಕ್ಕಿಂತ ಹೆಚ್ಚಾಗದಂತೆ ಸಿಪ್ಪೆ ಹರವಿ, ಮೇಲೆ ಐದು ಸೆಂಟಿಮೀಟರ್ ಹಾಸು ಮುಚ್ಚಿ. ಕಡ್ಡಿಯನ್ನು ಮುಂದಿನ ಚೌಕಕ್ಕೆ ದಾಟಿಸಿ. ಮುಂದಿನ ಸರದಿಯವರು ಬಂದಾಗ ಎಲ್ಲಿ ಹಾಕಬೇಕು ಅಂತ ಕೇಳಬೇಕಾಗಿಲ್ಲ. ಇದರ ನಿಜವಾದ ಲಾಭ ಬೇರೆಯೇ ಇದೆ. ಆರು ಚೌಕ ಸುತ್ತಿ ಮೊದಲನೆಯದಕ್ಕೆ ವಾಪಸ್ ಬಂದಾಗ ಅಲ್ಲಿನ ಸಿಪ್ಪೆ ಇನ್ನೂ ಗುರುತು ಸಿಗುವ ಹಾಗಿದ್ದರೆ ನೀವು ಕೊಡುತ್ತಿರುವುದು ಜಾಸ್ತಿ. ಅವತ್ತು ಹಾಕಬೇಡಿ. ಹುಳಗಳು ಉಪವಾಸದಿಂದ ಸಾಯುವುದು ಅಪರೂಪ, ಹಾಸಿನ ರಟ್ಟನ್ನೇ ತಿಂದುಕೊಂಡು ವಾರಗಟ್ಟಲೆ ಇರುತ್ತವೆ. ಹೆಚ್ಚು ಹಾಕಿದ್ದರಿಂದ ಸಾಯುವುದು ಮಾತ್ರ ದಿನನಿತ್ಯದ ಕಥೆ.

ಒಂದು ನೋಟ್‌ಬುಕ್ಕನ್ನು ಅಲ್ಲೇ ತೂಗುಹಾಕಿ. ತಾರೀಖು, ಹಾಕಿದ ತೂಕ, ಹಾಸಿನ ಬಿಸಿ, ವಾಸನೆ ಇದೆಯೋ ಇಲ್ಲವೋ, ಇಷ್ಟೇ ಬರೆದರೆ ಸಾಕು. ಎರಡು ತಿಂಗಳ ಪುಟ ತಿರುವಿದರೆ ನಿಮ್ಮ ತೊಟ್ಟಿಯ ಹೊಟ್ಟೆ ಎಷ್ಟು ಅಂತ ಗೊತ್ತಾಗುತ್ತದೆ. ತಡೆ ಬಕೆಟ್ ತುಂಬಿ ತುಳುಕುತ್ತಿದ್ದರೂ ತೊಟ್ಟಿ ಇನ್ನೂ ತಿಂದಿಲ್ಲವಾದರೆ "ಈ ವಾರ ಬೇಡ" ಅಂತ ಗ್ರೂಪಿನಲ್ಲಿ ಹಾಕುವ ಧೈರ್ಯ ಸರದಿಯವರಿಗೆ ಇರಬೇಕು. ಯಾರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ ಅಂತ ಶುರುವಿನಲ್ಲೇ ಎಲ್ಲರೂ ಒಪ್ಪಿಕೊಂಡಿರಿ.

ವಾಸನೆ, ನೊಣ, ಉಳಿದದ್ದು

ಸರಿಯಾಗಿರುವ ತೊಟ್ಟಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಹುಳಿ ವಾಸನೆ, ಅಮೋನಿಯಾದ ಘಾಟು ಯಾವುದೇ ಬಂದರೂ ಮೊದಲ ಕೆಲಸ ಒಂದೇ, ಹಾಕುವುದನ್ನು ನಿಲ್ಲಿಸುವುದು. ಕೊಳೆತ ಮುದ್ದೆಯನ್ನು ಸಲಿಕೆಯಲ್ಲಿ ಎತ್ತಿ ಹೊರಹಾಕಿ, ಆ ಜಾಗವನ್ನು ಕೈಯಲ್ಲೇ ಸಡಿಲ ಮಾಡಿ, ಒಣ ರಟ್ಟಿನ ಚೂರು ಧಾರಾಳವಾಗಿ ಬೆರೆಸಿ. ಎರಡು ಮೂರು ದಿನದಲ್ಲಿ ತಿಳಿಯಾಗುತ್ತದೆ.

ಹಣ್ಣಿನ ನೊಣ ಬಂದರೆ ಸಿಪ್ಪೆ ಮೇಲೆ ಮುಚ್ಚಿದ್ದು ಸಾಲದು ಅಂತ ಅರ್ಥ. ಹಾಸು ದಪ್ಪ ಮಾಡಿ, ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಕೀಟನಾಶಕ ಮಾತ್ರ ಹೊಡೆಯಬೇಡಿ, ಹುಳವೂ ಹೋಗುತ್ತದೆ. ಇರುವೆ ಬಂದರೆ ಹಾಸು ಒಣಗಿದೆ, ನೀರು ಚಿಮುಕಿಸಿ, ತೊಟ್ಟಿಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಸೊಳ್ಳೆ ಮೊಟ್ಟೆ ಇಡದಂತೆ ಆ ನೀರಿಗೆ ಸ್ವಲ್ಪ ಸೋಪು ಹಾಕಿ. ದಾರದಂಥ ಪುಟ್ಟ ಬಿಳಿ ಹುಳಗಳು ಗುಂಪುಗಟ್ಟಿ ಕಂಡರೆ ಅವು ಎರೆಹುಳದ ಮರಿಗಳಲ್ಲ. ಹುಳಿ ಹೆಚ್ಚಾದ, ಒದ್ದೆಯಾದ ತೊಟ್ಟಿಯಲ್ಲಿ ಅವು ಬೆಳೆಯುತ್ತವೆ, ಎರೆಹುಳಕ್ಕೆ ತೊಂದರೆಯಿಲ್ಲ. ಮೊಟ್ಟೆ ಚಿಪ್ಪಿನ ಪುಡಿ ಹಾಕಿದರೆ ಹುಳಿ ಇಳಿಯುತ್ತದೆ. ಬೇಗ ಆಗಬೇಕೆಂದರೆ ಸುಣ್ಣದ ಕಲ್ಲಿನ ಪುಡಿ ಹಾಕಬಹುದು, ಆದರೆ ಸುಟ್ಟ ಸುಣ್ಣ ಅಥವಾ ಅರಳಿದ ಸುಣ್ಣ ಯಾವ ಕಾರಣಕ್ಕೂ ಬೇಡ, ಹುಳದ ಮೈ ಸುಡುತ್ತದೆ. ಕಪ್ಪು ಸೈನಿಕ ನೊಣದ ದಪ್ಪ ಮರಿಗಳು ಬಂದರೆ ಜನ ಹೆದರುತ್ತಾರೆ. ಅವು ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಸಿಪ್ಪೆಯನ್ನು ಹುಳಕ್ಕಿಂತ ಬೇಗ ತಿನ್ನುತ್ತವೆ. ತುಂಬಾ ಆದರೆ ಹಾಸು ಬಿಸಿಯಾಗುತ್ತದೆ, ಆಗ ಆರಿಸಿ ತೆಗೆಯಿರಿ.

ಹುಳದ ಮೈ ಮಣಿ ಪೋಣಿಸಿದ ಹಾಗೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಹಿಂಡಿಕೊಂಡಿದ್ದರೆ ತಡಮಾಡಬೇಡಿ. ಹಿಟ್ಟು, ಧಾನ್ಯ, ಕಾಳು ಹೆಚ್ಚಾಗಿ ಹುಳಿತಾಗ ಹೀಗಾಗುತ್ತದೆ. ಇರುವ ಊಟವನ್ನೆಲ್ಲ ತೆಗೆದು, ಚೆನ್ನಾಗಿರುವ ಹುಳಗಳನ್ನು ಹೊಸ ಹಾಸಿಗೆ ಸಾಗಿಸಿ. ಎರಡನೇ ತೊಟ್ಟಿ ಇರಲಿ ಅಂದದ್ದು ಇಂಥ ದಿನಕ್ಕೇ.

ಬೇಸಿಗೆಯಲ್ಲಿ ಹಾಸು 30 ಡಿಗ್ರಿ ಹತ್ತಿರ ಬಂದರೆ ಊಟ ಅರ್ಧ ಮಾಡಿ, ಯಾಕೆಂದರೆ ಕೊಳೆಯುವ ಸಿಪ್ಪೆಯೂ ಬಿಸಿ ಹುಟ್ಟಿಸುತ್ತದೆ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಹಾಸಿನ ಮೇಲೆ ಒಂದು ಮೂಲೆಯಲ್ಲಿ ಮಲಗಿಸಿ. ಮೂಲೆಯಲ್ಲೇ ಇಡಿ, ತಂಪು ಬೇಕಾದ ಹುಳ ಅಲ್ಲಿಗೆ ಬರುತ್ತದೆ, ಬೇಡದ್ದು ದೂರ ಹೋಗುತ್ತದೆ.

ಗೊಬ್ಬರ ತೆಗೆಯುವುದು, ಹಂಚುವುದು

ಮೂರರಿಂದ ಆರು ತಿಂಗಳಲ್ಲಿ ಕೆಳಗಿನದ್ದು ಕಪ್ಪಗೆ, ಪುಡಿಪುಡಿಯಾಗಿ, ಸಿಪ್ಪೆಯ ಗುರುತೇ ಇಲ್ಲದಂತೆ ಆಗಿರುತ್ತದೆ. ಹುಳ ಬೇರ್ಪಡಿಸುವ ಸುಲಭದ ದಾರಿ ಹೀಗೆ. ಮೂರು ವಾರ ತೊಟ್ಟಿಯ ಒಂದೇ ಅರ್ಧದಲ್ಲಿ ಊಟ ಹಾಕಿ, ಇನ್ನೊಂದು ಅರ್ಧವನ್ನು ಖಾಲಿ ಬಿಡಿ. ಹೆಚ್ಚಿನ ಹುಳಗಳು ಊಟ ಇರುವ ಕಡೆ ಸರಿಯುತ್ತವೆ. ಖಾಲಿ ಅರ್ಧವನ್ನು ಎತ್ತಿಕೊಂಡು, ಅಲ್ಲಿ ಹೊಸ ಹಾಸು ತುಂಬಿ. ಅವಸರವಿದ್ದರೆ ಬೆಳಕಿನಲ್ಲಿ ಒಂದು ಹಾಳೆಯ ಮೇಲೆ ಸಣ್ಣ ಸಣ್ಣ ಗುಡ್ಡೆ ಮಾಡಿ ಹತ್ತು ನಿಮಿಷ ಬಿಡಿ. ಹುಳಗಳು ಬೆಳಕಿಗೆ ಹೆದರಿ ಒಳಗೆ ಇಳಿಯುತ್ತವೆ, ಮೇಲಿನ ಪದರ ತೆಗೆಯಿರಿ, ಮತ್ತೆ ಬಿಡಿ. ಮಕ್ಕಳನ್ನು ಕರೆಯಿರಿ, ಈ ಕೆಲಸ ಅವರಿಗೆ ತುಂಬಾ ಇಷ್ಟ. ಒಣಗಿದ ಗೊಬ್ಬರವನ್ನು ಜರಡಿ ಹಿಡಿಯುವವರು ಮಾಸ್ಕ್ ಹಾಕಿಕೊಳ್ಳಲಿ, ಮುಗಿದ ಮೇಲೆ ಎಲ್ಲರೂ ಸೋಪಿನಲ್ಲಿ ಕೈ ತೊಳೆಯಿರಿ.

ಕುಂಡದ ಮಣ್ಣಿಗೆ ಐದರಲ್ಲಿ ಒಂದು ಭಾಗ ಎರೆಗೊಬ್ಬರ ಸಾಕು. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು, ಬರೀ ಗೊಬ್ಬರದಲ್ಲಿ ನೆಟ್ಟ ಗಿಡ ಸೊರಗುತ್ತದೆ. ಇದು ಬಿಸಿಯಾಗದೆ ಆಗುವ ಗೊಬ್ಬರ, ಹಾಗಾಗಿ ಟೊಮೆಟೊ, ಕುಂಬಳದ ಬೀಜಗಳು ಸಾಯದೆ ಉಳಿದು ಕುಂಡದಲ್ಲಿ ಮೊಳೆಯುತ್ತವೆ. ಬೇಡವಾದರೆ ಕಿತ್ತುಹಾಕಿ. ತೊಟ್ಟಿಯ ಕೆಳಗೆ ಬಸಿದ ನೀರನ್ನು ಜನ ಅಮೃತದ ಹಾಗೆ ಕೇಳುತ್ತಾರೆ, ಅದರ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ಅದು ಪೂರ್ತಿ ಕೊಳೆಯದ ಸಿಪ್ಪೆಯ ರಸ. ಹತ್ತು ಪಟ್ಟು ನೀರು ಬೆರೆಸಿ ಹೂಗಿಡ, ಅಲಂಕಾರದ ಗಿಡಗಳ ಬುಡಕ್ಕೆ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಚಿಮುಕಿಸಬೇಡಿ. ಬಸಿನೀರು ಲೀಟರ್‌ಗಟ್ಟಲೆ ಬರುತ್ತಿದ್ದರೆ ಖುಷಿಪಡುವಂಥದ್ದೇನಿಲ್ಲ, ತೊಟ್ಟಿ ಅಷ್ಟು ಒದ್ದೆಯಾಗಿದೆ ಅಂತಲೇ ಲೆಕ್ಕ.

ಹಂಚುವಾಗ ಯಾರು ಎಷ್ಟು ಕಸ ಕೊಟ್ಟರು ಅನ್ನುವ ಲೆಕ್ಕಕ್ಕೆ ಇಳಿಯಬೇಡಿ. ಮೊದಲ ಪಾಲು ಕಟ್ಟಡದ ಸಾಮೂಹಿಕ ತೋಟಕ್ಕೆ. ಎಲ್ಲರ ಕಣ್ಣಿಗೆ ಬೀಳುವ ಗಿಡಗಳು ಚಿಗುರಿದರೆ ಸೇರದ ಮನೆಯವರೂ ವಿಚಾರಿಸಲು ಬರುತ್ತಾರೆ. ಆಮೇಲೆ ಸರದಿ ಮಾಡಿದವರಿಗೆ, ಉಳಿದದ್ದನ್ನು ಕೇಳಿದವರಿಗೆ ಒಂದೊಂದು ಡಬ್ಬಿ.

ಹುಳಗಳು ತುಂಬಿಕೊಂಡು, ಹಾಕಿದ್ದು ಮೂರೇ ದಿನದಲ್ಲಿ ಕಾಣೆಯಾಗುತ್ತಿದ್ದರೆ ಹೊಸ ಮನೆಗಳನ್ನು ಸೇರಿಸಿಕೊಳ್ಳುವ ಸಮಯ ಬಂದಿದೆ. ಮೇಲಿನ ಪದರವನ್ನು ಹುಳ, ಕೋಶ, ಅರೆತಿಂದ ಸಿಪ್ಪೆ ಸಮೇತ ಕಾಲು ಭಾಗ ಎತ್ತಿ ಮೂರನೇ ತೊಟ್ಟಿಯ ಹೊಸ ಹಾಸಿನ ಮೇಲೆ ಹರವಿದರೆ ಆಯಿತು, ಮತ್ತೆ ಹುಳ ಕೊಳ್ಳಬೇಕಿಲ್ಲ. ಪಕ್ಕದ ಕಟ್ಟಡದವರು ಕೇಳಿದರೆ ಅವರಿಗೂ ಹೀಗೇ ಕೊಡಿ, ಈ ಹಳೆ ಹಾಸು ಜೊತೆಗೆ ಹೋದರೆ ಹುಳಗಳು ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತವೆ. ಕಾಡಿಗೋ ಕೆರೆಯ ಬದಿಗೋ ಮಾತ್ರ ಒಯ್ದು ಬಿಡಬೇಡಿ. ಹೊರಗಿನಿಂದ ಬಂದ ಎರೆಹುಳಗಳು ಉತ್ತರ ಅಮೆರಿಕದ ಕೆಲವು ಕಾಡುಗಳಲ್ಲಿ ನೆಲದ ತರಗೆಲೆಯ ಪದರವನ್ನೇ ತಿಂದು ಅಲ್ಲಿನ ಗಿಡಗಳಿಗೆ ಕಷ್ಟ ತಂದಿವೆ. ಜಾಸ್ತಿಯಾದ ಹುಳಗಳಿಗೆ ಇನ್ನೊಂದು ತೊಟ್ಟಿ ಹುಡುಕಿಕೊಡಿ.